ಹದಿನೈದೋ, ಒಂಬತ್ತೋ?

ನಾನು ನಲವತ್ತು ಕಂಪ್ಯೂಟರುಗಳ ಸಂಸಾರವನ್ನು ತೂಗಿಸುವ ಗೃಹಸ್ಥ. ಅವೆಲ್ಲ ಒಂದು ಸಂಶೋಧನಾಲಯದ ತಣ್ಣನೆಯ ಕೊಠಡಿಯಲ್ಲಿವೆ. ನಾನಾದರೋ ರಾತ್ರಿಯ ಹೊತ್ತು ಮನೆಯ ನಡುಮನೆಯಲ್ಲಿ ಕುಳಿತು, ಕಪ್ಪು ತೆರೆಯ ಮೇಲೆ ಅಕ್ಷರಗಳನ್ನು ಒತ್ತಿ ಅವುಗಳ ಯೋಗಕ್ಷೇಮವನ್ನು ವಿಚಾರಿಸುತ್ತೇನೆ. ‘ಟಾಪ್’ ಎಂದು ಬರೆದರೆ ಸಾಕು, ಯಾವ ಕೆಲಸ ಎಷ್ಟು ಸ್ಮೃತಿಯನ್ನು ಕಬಳಿಸುತ್ತಿದೆಯೆಂಬ ಪಟ್ಟಿ ಕಣ್ಣೆದುರು ನಿಲ್ಲುತ್ತದೆ.

ಈ ಪದ್ಧತಿಯ ಮೂಲ, 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದ ಯೂನಿಕ್ಸ್. ಇಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದು ಅಂಕಿ, ಒಬ್ಬ ತಾಯಿ. ತಾಯಿ ಮೊದಲೇ ಅಳಿದರೆ, ಅನಾಥ ಮಕ್ಕಳನ್ನು ಸಾಮಾನ್ಯವಾಗಿ 1ನೆಯ ಅಂಕಿಯ ಹಿರಿಯನೇ ದತ್ತು ತೆಗೆದುಕೊಳ್ಳುವನು.

ಕೆಲಸವನ್ನು ನಿಲ್ಲಿಸುವ ಆಜ್ಞೆಯ ಹೆಸರು ‘ಕಿಲ್’. ಹೆಸರು ಘೋರವಾದರೂ, ಬರಿದೆ ಅಷ್ಟನ್ನೇ ಹೇಳಿದರೆ ತಲುಪುವುದು 15ನೆಯ ಸಂಕೇತ. “ಸಾಕು, ಇನ್ನು ಏಳು” ಎಂದಂತೆ. ಬರೆದವರು ಏರ್ಪಾಡು ಮಾಡಿದ್ದರೆ, ಕೆಲಸವು ತನ್ನ ಲೆಕ್ಕವನ್ನು ಬರೆದಿಟ್ಟು ಏಳುತ್ತದೆ. 9ನೆಯ ಸಂಕೇತಕ್ಕೆ ಆ ದಾಕ್ಷಿಣ್ಯವಿಲ್ಲ. ಕತ್ತು ಹಿಡಿದು ಹೊರಗೆ ನೂಕಿದಂತೆ.

ಒಂದು ರಾತ್ರಿ ಹನ್ನೊಂದರ ಮೇಲೆ ದೂರವಾಣಿ ಬಂದಿತು: “ಹದಿನೇಳನೆಯ ಯಂತ್ರ ತೆವಳುತ್ತಿದೆ ಸಾರ್.” ನೋಡಿದೆ. ಒಂದೇ ಕೆಲಸ ಸ್ಮೃತಿಯನ್ನೆಲ್ಲ ನುಂಗಿ ಕುಳಿತಿತ್ತು. ನಿದ್ದೆಗಣ್ಣು, ಮೇಲೆ ಸಿಟ್ಟು. ಯಾರದೆಂದೂ ವಿಚಾರಿಸದೆ 9ನ್ನು ಪ್ರಯೋಗಿಸಿ ಮಲಗಿದೆ.

ಬೆಳಿಗ್ಗೆ ಸಂಶೋಧನೆಯ ಹುಡುಗಿಯೊಬ್ಬಳು ನನ್ನ ಮೇಜಿನ ಬಳಿ ಬಂದು ನಿಂತಳು. ಅದು ಅವಳ ಹನ್ನೊಂದು ದಿನಗಳ ಲೆಕ್ಕ. ನಡುನಡುವೆ ಬರೆದಿಡುವ ಅಭ್ಯಾಸ ಅದಕ್ಕಿರಲಿಲ್ಲ. ಏಳೆಂದಾಗ ಮಾತ್ರ ಬರೆದಿಡುತ್ತಿತ್ತು.

“ಒಂದು ಮಾತು ಹೇಳಿದ್ದರೆ ಅದೇ ಎದ್ದುಹೋಗುತ್ತಿತ್ತು ಸಾರ್,” ಎಂದಳಷ್ಟೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಂದಿನಿಂದ ಮೊದಲು ಕೆಲಸದ ಒಡೆಯರಾರೆಂದು ನೋಡುತ್ತೇನೆ. ಅನಂತರ 15, ಒಂದು ನಿಮಿಷ ಕಾಯುವುದು, ‘ಪಿಎಸ್’ ಎಂದು ಕೇಳಿ, ಇನ್ನೂ ಕುಳಿತಿದ್ದರೆ ಮಾತ್ರ 9. ಬಹುಪಾಲು ಅದರ ಅಗತ್ಯವೇ ಬೀಳುವುದಿಲ್ಲ.

ಮೊನ್ನೆ ರಾತ್ರಿ ಮಗ ಪುಸ್ತಕದಲ್ಲಿ ಮುಳುಗಿದ್ದ. ಅವನ ತಾಯಿ ಎರಡು ಬಾರಿ ಊಟಕ್ಕೆ ಕರೆದರೂ ಏಳಲಿಲ್ಲ. ರೇಗಿ ಎದ್ದವನು ದೀಪದ ಗುಂಡಿಯವರೆಗೆ ಕೈ ಒಯ್ದೆ. ಆ ಹುಡುಗಿಯ ಮುಖ ನೆನಪಾಯಿತು.

“ಆ ಪುಟ ಮುಗಿಸಿಕೊಂಡು ಬಾರಪ್ಪ,” ಎಂದೆ.

ಎಲೆಗೆ ಅನ್ನ ಬೀಳುವಷ್ಟರಲ್ಲಿ ಬಂದು ಕುಳಿತಿದ್ದ.