ವರದೆಯ ದಂಡೆಗೆ ಹೋಗುವ ಮುನ್ನ

ವರದಾ ಸಣ್ಣ ಹೊಳೆ. ಸಾಗರದ ಹತ್ತಿರ ವರದಾಮೂಲದ ತೀರ್ಥದಲ್ಲಿ ಹುಟ್ಟಿ, ಸೊರಬ ಸೀಮೆಯ ಗದ್ದೆ ತೋಟಗಳ ನಡುವೆ ಉತ್ತರಕ್ಕೆ ಹರಿದು, ಬನವಾಸಿಯನ್ನು ಮೂರು ಕಡೆಯಿಂದ ಬಳಸಿ, ಹಾನಗಲ್ಲು ಹಾವೇರಿಗಳ ಬಯಲಿಗೆ ಇಳಿದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಶಿವಮೊಗ್ಗ, ಉತ್ತರ ಕನ್ನಡ, ಹಾವೇರಿ ಎಂದು ಮೂರು ಜಿಲ್ಲೆ ಮುಟ್ಟುವ ಈ ಹೊಳೆಗೆ ಹೆಸರಾಂತ ಜಲಪಾತವಿಲ್ಲ, ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಪ್ರವಾಸಿಗರ ಬಸ್ಸುಗಳು ಅದನ್ನು ಸೇತುವೆಯ ಮೇಲಿಂದ ದಾಟಿ ಜೋಗಕ್ಕೋ ಶಿರಸಿಗೋ ಹೊರಟುಹೋಗುತ್ತವೆ. ಈ ವರ್ಷ ಮಳೆ ಕಳೆದ ಮೇಲೆ ಮೂಲದಿಂದ ಸಂಗಮದವರೆಗೆ ವರದೆಯ ಜೊತೆಗೇ ಹೋಗಬೇಕು ಎಂದು ನಿಶ್ಚಯಿಸಿದ್ದೇನೆ. ಕೆಂಪು ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆ ಕಾಲ್ನಡಿಗೆಯಲ್ಲಿ, ಯಾವ ಅವಸರವೂ ಇಲ್ಲದೆ. ಮೇಜಿನ ಮೇಲೆ ಜಿಲ್ಲಾ ನಕ್ಷೆಗಳನ್ನು ಹರಡಿಕೊಂಡು ಕೂರುವುದೇ ಈಗ ಸಂಜೆಯ ಕೆಲಸವಾಗಿದೆ.

ಸಾಗರದಿಂದ ಸೊರಬ, ಆನವಟ್ಟಿ, ಹಾನಗಲ್ಲು ಹಾದು ಹಾವೇರಿಗೆ ಕಾರಿನಲ್ಲಿ ಹೋದರೆ ಅರ್ಧ ದಿನವೂ ಬೇಡ. ಆದರೆ ಆ ಅರ್ಧ ದಿನದ ದಾರಿಯಲ್ಲಿ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುತ್ತದೆ. ಅಡಿಕೆ ತೋಟ ಯಾವ ಊರಿಗೆ ತೆಳುವಾಯಿತು, ಹಂಚಿನ ಮಾಡು ಎಲ್ಲಿ ನಿಂತಿತು, ಕೆಂಪು ಮಣ್ಣು ಎಲ್ಲಿ ಕಪ್ಪಿಗೆ ತಿರುಗಿತು, ಊಟದ ತಟ್ಟೆಯಲ್ಲಿ ಅನ್ನ ಹಿಂದೆ ಸರಿದು ರೊಟ್ಟಿ ಎಲ್ಲಿ ಮುಂದೆ ಬಂತು? ಕಾರಿನ ಗಾಜಿನೊಳಗಿಂದ ಇದೆಲ್ಲ ಒಂದು ಹಸಿರು ಗೆರೆ ಅಷ್ಟೆ. ಊರೂರಿಗೆ ನಿಲ್ಲುವ ಬಸ್ಸಿನಲ್ಲಿ ಕೂತವನಿಗೆ ಪಕ್ಕದ ಸೀಟಿನವರು ಬದಲಾದಾಗಲೆಲ್ಲ ಸೀಮೆ ಒಂದಿಷ್ಟು ಬದಲಾಗುತ್ತದೆ. ಸೊರಬದಲ್ಲಿ ‘ಎಲ್ಲಿಗೆ ಹೊರಟಿದ್ದು ಮಾರಾಯ್ರೆ’ ಎಂದು ಕೇಳಿದವರು ಇಳಿದು ಹೋಗುತ್ತಾರೆ. ಹಾನಗಲ್ಲಿನ ಆಚೆ ಹತ್ತಿದವರು ‘ಯಾವೂರಾತ್ರೀ ನಿಮ್ದು’ ಎಂದು ಮಾತು ತೆಗೆಯುತ್ತಾರೆ. ಈ ಬದಲಾವಣೆ ಹಂತಹಂತವಾಗಿ ನಡೆಯುವುದನ್ನು ನೋಡಬೇಕೆಂಬುದೇ ಈ ಪಯಣದ ಆಸೆ.

ಹೊಳೆಯ ಎರಡೂ ತುದಿಗೆ ರೈಲಿರುವುದು ಒಂದು ಅನುಕೂಲ. ತಾಳಗುಪ್ಪದ ರೈಲು ಹಿಡಿದರೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬಹುದು. ಮರಳುವಾಗ ಹಾವೇರಿಯಲ್ಲಿ ಹುಬ್ಬಳ್ಳಿ-ಬೆಂಗಳೂರು ಮಾರ್ಗ ಸಿಗುತ್ತದೆ. ಹೋದ ದಾರಿಯಲ್ಲೇ ಹಿಂದಿರುಗುವ ಗೊಡವೆಯಿಲ್ಲ. ಸ್ವಂತ ವಾಹನವಿದ್ದರೆ ಅದನ್ನು ಎಲ್ಲಿ ಬಿಟ್ಟೆವೋ ಅಲ್ಲಿಗೆ ವಾಪಸಾಗಬೇಕು. ವಾಹನವಿಲ್ಲದವನು ಹೊಳೆಯ ಹಾಗೆ ಮುಂದಕ್ಕೆ ಮಾತ್ರ ಹೋಗಬಹುದು.

ನೋಡುವ ಜಾಗಗಳ ಪಟ್ಟಿ ಮಾಡುವುದು ಸುಲಭ. ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ, ಬನವಾಸಿಯ ಮಧುಕೇಶ್ವರ, ಹಾನಗಲ್ಲಿನ ತಾರಕೇಶ್ವರ, ಗಳಗನಾಥದ ಗಳಗೇಶ್ವರ. ಆದರೆ ಕಲ್ಲಿನ ಗುಡಿಗಳು ವರ್ಷದ ಎಲ್ಲ ದಿನವೂ ಅಲ್ಲೇ ಇರುತ್ತವೆ. ಸಂತೆ ಎಲ್ಲ ದಿನ ಇರುವುದಿಲ್ಲ. ಅಡಿಕೆ ಕೊಯ್ಯುವ ಕೊನೆಗೌಡ ಎಲ್ಲ ತಿಂಗಳೂ ಮರ ಹತ್ತುವುದಿಲ್ಲ. ಹುಣ್ಣಿಮೆ ಕಾಯುವುದಿಲ್ಲ. ಆದ್ದರಿಂದ ಯೋಜನೆ ಇವುಗಳಿಂದ ಶುರುವಾಗಬೇಕು. ಊರಿನ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು, ನಮ್ಮ ಹೊತ್ತನ್ನು ಅದಕ್ಕೆ ಹೊಂದಿಸಬೇಕು. ನಿಧಾನದ ಪಯಣವೆಂದರೆ ನನಗೆ ಇದೇ. ಬರೀ ದಿನ ಹೆಚ್ಚು ಮಾಡಿ, ಅದೇ ಪಟ್ಟಿಯನ್ನು ಮೆಲ್ಲಗೆ ಮುಗಿಸಿದರೆ ಆ ಸುಖ ಸಿಗದು.

ತಿಂಗಳ ಆಯ್ಕೆಯನ್ನು ಹೊಳೆಯೇ ಮಾಡಿಕೊಟ್ಟಿತು. ಆಷಾಢ ಶ್ರಾವಣದಲ್ಲಿ ವರದೆ ದಂಡೆ ಮೀರುತ್ತದೆ. ಬನವಾಸಿಯ ಸುತ್ತಲ ಗದ್ದೆಗಳು ನೀರಲ್ಲಿ ನಿಲ್ಲುತ್ತವೆ, ಕೆಳಗೆ ಹಾವೇರಿ ಸೀಮೆಯಲ್ಲಿ ತಗ್ಗಿನ ಸೇತುವೆಗಳು ಮುಳುಗಿ ಬಸ್ಸು ಸುತ್ತಿ ಹೋಗುತ್ತದೆ. ಬೇಸಿಗೆ ಬಲಿತಾಗ ಬಯಲಿನ ಕಡೆ ಹರಿವು ಸೊರಗಿ ಅಲ್ಲಲ್ಲಿ ಮಡುಗಳಷ್ಟೇ ಉಳಿಯುತ್ತವೆ. ದಸರೆ ಕಳೆದ ಮೇಲೆ, ಆಶ್ವಯುಜದ ನಡುವಿಗೆ, ನೀರು ತಿಳಿಯಾಗಿ ಆದರೂ ತುಂಬಿ ಹರಿಯುತ್ತದೆ. ಭತ್ತ ಹೊಡೆ ತುಂಬಿ ತೆನೆ ಬಿಡುವ ಕಾಲವೂ ಅದೇ. ಆ ತಿಂಗಳ ಹುಣ್ಣಿಮೆಯಂದು ಮೇಲಿನ ದಂಡೆಯಲ್ಲಿ ಭೂಮಿ ಹುಣ್ಣಿಮೆ. ಅಂದರೆ, ಬಸುರಿಯಾದ ಭೂಮಿತಾಯಿಗೆ ಬಯಕೆ ಊಟ ಬಡಿಸುವ ಹಬ್ಬ.

ಸಾಗರ ಸೊರಬದ ದೀವರ ಮನೆಗಳಲ್ಲಿ ಈ ಹಬ್ಬಕ್ಕೆ ಬರೆಯುವ ಭೂಮಣ್ಣಿ ಬುಟ್ಟಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರು ಮರೆಯುವುದಿಲ್ಲ. ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಅಕ್ಕಿ ಅರೆದ ಬಿಳುಪಿನಿಂದ ಹೆಂಗಸರು ಚಿತ್ತಾರ ಬರೆಯುತ್ತಾರೆ. ಕುಂಚವೆಂದರೆ ಪುಂಡಿನಾರು. ಗೆರೆಗಳು ಎಷ್ಟು ಸಣ್ಣವೆಂದರೆ ಬುಟ್ಟಿಯ ಹೆಣಿಗೆಯ ಏರುತಗ್ಗಿನ ಮೇಲೆ ಅವು ಒಂದೆಡೆಯೂ ಮುರಿಯದೆ ಸಾಗಿದ್ದು ಹೇಗೆ ಎಂದು ಬೆರಳಾಡಿಸಿ ನೋಡಬೇಕೆನಿಸುತ್ತದೆ. ಬುಟ್ಟಿಗಳು ಎರಡು. ದೊಡ್ಡದರಲ್ಲಿ ಪೂಜೆಯ ಸಾಮಾನು, ಕಡುಬು ಮತ್ತು ಉಳಿದ ಅಡುಗೆ. ಚಿಕ್ಕದರಲ್ಲಿ ಹಲವು ಬಗೆಯ ಸೊಪ್ಪು ಬೇಯಿಸಿ ಮಾಡಿದ ಹಚ್ಚಂಬಲಿ. ರಾತ್ರಿಯಿಡೀ ಅಡುಗೆಯಾಗಿ, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ ಅದನ್ನು ಬೀರಬೇಕು.

ಸೊರಬದ ಕಡೆಯ ಗೆಳೆಯನೊಬ್ಬನ ತಾಯಿಗೆ ಫೋನು ಮಾಡಿ, ಹುಣ್ಣಿಮೆಯ ದಿನ ಬೆಳಗಿನ ಬಸ್ಸಿಗೆ ಬರಲೇ ಎಂದು ಕೇಳಿದೆ.

‘ಬೆಳಗಿನ ಬಸ್ಸಿಗೆ ಬಂದು ಏನು ನೋಡ್ತೀಯ ತಮ್ಮಾ? ಅಷ್ಟೊತ್ತಿಗೆ ನಾವು ಗದ್ದೆಯಿಂದ ತಿರುಗಿ ಬಂದಾಗಿರ್ತದೆ. ಹಿಂದಿನ ದಿನ ಮಧ್ಯಾಹ್ನವೇ ಬಂದ್ಬಿಡು. ಸೊಪ್ಪು ಕೊಯ್ಯೋಕೆ ಜನ ಬೇಕು’ ಎಂದರು.

ಆ ಒಂದು ಮಾತಿಗೆ ನನ್ನ ಯೋಜನೆಯ ಮೊದಲ ಭಾಗ ಗಟ್ಟಿಯಾಯಿತು. ನೋಡಲು ಬರುವವನಿಗೂ ಅಲ್ಲಿ ಕೆಲಸವಿದೆ. ಕೆಲಸ ಸಿಕ್ಕ ಮನೆಯಲ್ಲಿ ನಾವು ಪ್ರವಾಸಿಗರಾಗಿ ಉಳಿಯುವುದಿಲ್ಲ.

ಆದರೆ ಅದೇ ಹುಣ್ಣಿಮೆ ಕೆಳಗಿನ ದಂಡೆಯಲ್ಲೂ ಇದೆ. ಹಾವೇರಿ ಧಾರವಾಡದ ಕಡೆ ಅದಕ್ಕೆ ಸೀಗಿ ಹುಣ್ಣಿವಿ ಎನ್ನುತ್ತಾರೆ. ಬಂಡಿ ಕಟ್ಟಿಕೊಂಡು, ಈಗ ಹೆಚ್ಚಾಗಿ ಟ್ರ್ಯಾಕ್ಟರಿನಲ್ಲಿ, ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ನೈವೇದ್ಯದ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಬಿಚ್ಚಿ ಸಾಲಾಗಿ ಕೂತು ಉಣ್ಣುತ್ತಾರೆ. ಮೇಲೆ ಗದ್ದೆ, ಕೆಳಗೆ ಹೊಲ. ಮೇಲೆ ಕಡುಬು, ಕೆಳಗೆ ರೊಟ್ಟಿ. ತಾಯಿ ಒಬ್ಬಳೇ, ಹೊಳೆಯೂ ಒಂದೇ, ತಿಥಿಯೂ ಒಂದೇ. ಎರಡೂ ಕಡೆ ಒಂದೇ ದಿನ ಇರಲು ಸಾಧ್ಯವಿಲ್ಲ. ಕಾರಿದ್ದರೆ ಬೆಳಗ್ಗೆ ಸೊರಬದಲ್ಲಿ, ಮಧ್ಯಾಹ್ನ ಹಾವೇರಿಯಲ್ಲಿ ಮುಖ ತೋರಿಸಬಹುದೇನೋ. ಆದರೆ ಬಯಕೆ ಊಟದ ಮನೆಯಿಂದ ಎಲೆ ಮಡಚಿ ಓಡುವುದು ಸರಿಯೆನಿಸಲಿಲ್ಲ. ಕೆಳಗಿನವರಿಗೆ ಎಳ್ಳ ಅಮಾಸಿಯ ಚರಗ ಇನ್ನೊಂದಿದೆ; ಚಳಿಗಾಲದಲ್ಲಿ, ಹಿಂಗಾರಿ ಪೈರು ಎದ್ದು ನಿಂತಾಗ ಬರುತ್ತದೆ. ಆಗ ಹಾವೇರಿಯ ಕಡೆಗೆ ಬೇರೆಯಾಗಿಯೇ ಹೋಗಬೇಕು. ಈ ಸಲ ಹುಣ್ಣಿಮೆ ಮೇಲಿನ ದಂಡೆಗೆ ಮೀಸಲು.

ಹಬ್ಬ ಮುಗಿದ ಮೇಲೆ ಬನವಾಸಿ. ಅಲ್ಲಿ ಕನಿಷ್ಠ ಎರಡು ರಾತ್ರಿ. ಹಗಲು ಬಂದು ಗುಡಿ ನೋಡಿ ಶಿರಸಿಗೆ ಹೋಗುವವರಿಗೆ ಕದಂಬರ ರಾಜಧಾನಿ ಸಿಗುತ್ತದೆ. ಪಂಪ ಹಂಬಲಿಸಿದ ಊರು ಸಿಗಬೇಕಾದರೆ ಬೆಳಗ್ಗೆ ಅಲ್ಲೇ ಏಳಬೇಕು. ಮಧುಕೇಶ್ವರನ ಪ್ರಾಕಾರದಲ್ಲಿ ಐದು ಹೆಡೆಯ ನಾಗಶಿಲ್ಪವೊಂದಿದೆ. ಸಾತಕರ್ಣಿ ಅರಸನೊಬ್ಬನ ಮಗಳು ನಾಗ, ಕೆರೆ, ವಿಹಾರಗಳನ್ನು ಮಾಡಿಸಿದ ಸಂಗತಿಯನ್ನು ಅದರ ಅಂಚಿನ ಪ್ರಾಕೃತ ಬರಹ ಹೇಳುತ್ತದೆ. ಕದಂಬರಿಗೂ ಹಿಂದಿನ ಕಾಲದ್ದು. ಅಂಥ ಕಲ್ಲಿನ ಮುಂದೆ ಕೂತಿರಲು ಗಡಿಯಾರದ ಕಾಟ ಇರಬಾರದು. ಸುತ್ತ ಅನಾನಸಿನ ಹೊಲಗಳಿವೆ, ನಡೆದು ನೋಡಲು ಹೊಳೆಯ ದಂಡೆಯಿದೆ.

ಇಕ್ಕೇರಿಯಲ್ಲೂ ಹೀಗೇ. ಅಘೋರೇಶ್ವರನ ಎದುರು ನೆಲದ ಕಲ್ಲಿನಲ್ಲಿ ಕೆಳದಿಯ ಅರಸರು ಅಡ್ಡಬಿದ್ದ ಆಕೃತಿಗಳಿವೆ. ಆ ಎತ್ತರದ ಗುಡಿ ಕಟ್ಟಿಸಿದ ಮನೆತನದವರು ತಮ್ಮನ್ನು ನೆಲದ ಮೇಲೆ, ಭಕ್ತರ ಕಾಲಡಿಯಲ್ಲಿ ಕೆತ್ತಿಸಿಕೊಂಡಿದ್ದಾರೆ. ಮೇಲೆ ನೋಡಿಕೊಂಡು ಬೇಗ ನಡೆದವರು ಅವರನ್ನು ಕಾಣದೆಯೇ ದಾಟಿಬಿಡುತ್ತಾರೆ. ಕೆಳದಿಯ ವಸ್ತುಸಂಗ್ರಹಾಲಯದ ತಾಡವೋಲೆಗಳಿಗೆ ಒಂದು ಪೂರ್ತಿ ಹಗಲು ಎತ್ತಿಟ್ಟಿದ್ದೇನೆ. ಬಳ್ಳಿಗಾವಿ, ತಾಳಗುಂದಗಳನ್ನು ಮನಸ್ಸು ಗಟ್ಟಿಮಾಡಿ ಬಿಟ್ಟಿದ್ದೇನೆ. ಎರಡೂ ಹತ್ತಿರದಲ್ಲೇ ಇವೆ, ಎರಡಕ್ಕೂ ದೊಡ್ಡ ಚರಿತ್ರೆಯಿದೆ. ಆದರೆ ಹತ್ತಿರವಿದೆ ಎಂದು ಸೇರಿಸುತ್ತ ಹೋದರೆ ಹೊಳೆ ಕೈತಪ್ಪುತ್ತದೆ.

ಇನ್ನು ಬಸ್ಸಿನ ಮಾತು. ಹಳ್ಳಿಗೆ ಹೋಗುವವರು ಮೊದಲು ಕೇಳಬೇಕಾದದ್ದು ವಸ್ತಿ ಬಸ್ಸನ್ನು. ಸಂಜೆ ತಾಲ್ಲೂಕಿನಿಂದ ಹೊರಟು, ರಾತ್ರಿ ಹಳ್ಳಿಯಲ್ಲೇ ಉಳಿದು, ನಸುಕಿನಲ್ಲಿ ಮರಳುವ ಬಸ್ಸು ಅದು. ಡ್ರೈವರು ಕಂಡಕ್ಟರು ಗುಡಿಯ ಕಟ್ಟೆಯಲ್ಲೋ ಬಸ್ಸಿನ ಸೀಟಿನಲ್ಲೋ ಮಲಗುತ್ತಾರೆ. ಪೇಟೆಯ ಮೊಸರು, ಔಷಧಿ, ನೆಂಟರು ಎಲ್ಲ ಅದರಲ್ಲೇ ಬರುವುದು, ಕಾಲೇಜಿನ ಮಕ್ಕಳು ಅದರಲ್ಲೇ ಹೋಗುವುದು. ಈ ವೇಳಾಪಟ್ಟಿ ಮೊಬೈಲಿನಲ್ಲಿ ಸಿಗುವುದಿಲ್ಲ, ನಿಲ್ದಾಣದ ಕಂಟ್ರೋಲರ ಬಾಯಲ್ಲಿರುತ್ತದೆ. ಹೋದ ತಿಂಗಳು ಹಾವೇರಿಗೆ ಹೋದಾಗ ಹೊಳೆಯ ಕಡೆಯ ಹಳ್ಳಿಗಳಿಗೆ ಬಸ್ಸು ಹೇಗೆಂದು ಅಲ್ಲಿನ ಕಂಟ್ರೋಲರನ್ನು ವಿಚಾರಿಸಿದೆ.

‘ಸಂಜಿ ಬಸ್ಸಿಗೆ ಹೋಗ್ರಿ. ಅದು ಅಲ್ಲೇ ವಸ್ತಿ ಮಾಡ್ತೈತಿ, ಮುಂಜಾನೆ ಅದರಾಗ ಹೊಳ್ಳಿ ಬರ್ರಿ. ಮಧ್ಯಾಹ್ನದ್ದು ಐತಿ, ಆದ್ರ ಅದು ಸಾಲಿ ಇದ್ದ ದಿನಾ ಅಷ್ಟ’ ಎಂದು ಹೇಳಿ, ‘ಅಮಾಸಿ ದಿನಾ ಮಾತ್ರ ಹೋಗಬ್ಯಾಡ್ರಿ, ಕಾಲಿಡಾಕೂ ಜಾಗಾ ಇರಂಗಿಲ್ಲ’ ಎಂದು ಸೇರಿಸಿದರು.

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ದೇವಸ್ಥಾನದ ದಾರಿಯ ಬಸ್ಸುಗಳು ಹೆಂಗಸರಿಂದ ತುಂಬಿರುತ್ತವೆ. ನನಗೆ ಇದು ಸಂತೋಷದ ಸಂಗತಿ. ತವರಿಗೂ ಆಸ್ಪತ್ರೆಗೂ ಹೋಗಲು ಇನ್ನೊಬ್ಬರ ಕೈ ಕಾಯುತ್ತಿದ್ದವರು ಈಗ ಸೊನ್ನೆ ಟಿಕೇಟು ಹಿಡಿದು ಊರು ನೋಡುತ್ತಿದ್ದಾರೆ. ನಿಂತು ಹೋಗಬೇಕಾದೀತು ಎಂಬುದನ್ನು ಯೋಜನೆಯಲ್ಲೇ ಬರೆದುಕೊಂಡರಾಯಿತು. ನಿಂತವರಿಗೂ ಮಾತಿಗೆ ಜನ ಸಿಗುತ್ತಾರೆ.

ಹಾನಗಲ್ಲಿನಲ್ಲಿ ತಾರಕೇಶ್ವರನ ರಂಗಮಂಟಪದ ಕಲ್ಲಿನ ಕಮಲದ ಕೆಳಗೆ ಒಂದು ಹೊತ್ತು ಕೂತು, ಹಾವೇರಿ ಸೇರಿ, ಅಲ್ಲಿಂದ ಹೊಸರಿತ್ತಿಗೆ ಹೋಗಬೇಕು. ಅಷ್ಟರಲ್ಲಿ ಗೋವಿನಜೋಳದ ಒಕ್ಕಣೆ ಶುರುವಾಗಿ ರಸ್ತೆಯ ಅರ್ಧಕ್ಕೆ ಹಳದಿ ಕಾಳು ಒಣಗಿರುತ್ತದೆ, ಬಸ್ಸು ಅದನ್ನು ತಪ್ಪಿಸಿ ಮೆಲ್ಲಗೆ ಸಾಗುತ್ತದೆ. ಹೊಸರಿತ್ತಿ ವರದೆಯ ದಂಡೆಯ ಊರು. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯ ಜೊತೆ ಹೆಜ್ಜೆ ಹಾಕಿದ ಕನ್ನಡಿಗ ಮೈಲಾರ ಮಹಾದೇವ 1943ರ ಏಪ್ರಿಲ್ 1ರಂದು ಪೊಲೀಸರ ಗುಂಡಿಗೆ ಬಿದ್ದದ್ದು ಇಲ್ಲಿ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರ ಜೊತೆಗೆ. ಈ ಹೆಸರುಗಳನ್ನು ಪಠ್ಯದಲ್ಲಿ ಓದಿದ್ದೇವೆ. ಅದು ನಡೆದ ಊರಿನ ಬೀದಿಯಲ್ಲಿ ನಿಂತು ಹಿರಿಯರನ್ನು ಕೇಳುವುದು ಬೇರೆಯೇ.

ಕೊನೆಗೆ ಗಳಗನಾಥ. ಸಂಗಮದ ದಂಡೆಯಲ್ಲಿ ಚಾಲುಕ್ಯರ ಕಾಲದ ಗುಡಿಯಿದೆ. ಹತ್ತಿರದ ಹಾವನೂರಿನಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಈ ಊರಿನ ಹೆಸರನ್ನೇ ತಮ್ಮದಾಗಿಸಿಕೊಂಡು ‘ಗಳಗನಾಥ’ರಾದರು. ಕನ್ನಡಕ್ಕೆ ಓದುಗರೇ ಇಲ್ಲವೆಂದು ಕೈಚೆಲ್ಲುವವರಿದ್ದ ಕಾಲದಲ್ಲಿ ತಮ್ಮ ಕಾದಂಬರಿಗಳನ್ನು ಹೊತ್ತು ಊರೂರಿಗೆ ನಡೆದು ಮಾರಿದರು. ಅಂಗಡಿಯಿಲ್ಲದ ಊರಿನಲ್ಲಿ ಪುಸ್ತಕ ಕೊಳ್ಳುವವರು ಯಾರು, ಓದಿ ಹೇಳುವವರು ಯಾರು ಎಂಬುದು ಅವರಿಗೆ ನಡೆದೇ ತಿಳಿದಿರಬೇಕು. ಹಾಗೆ ನಡೆದವರೊಬ್ಬರ ಸೀಮೆಗೆ ಬಸ್ಸಿಂದ ಇಳಿದು ಹೋಗುವಾಗ ಕೊನೆಯ ಹಾದಿಯನ್ನಾದರೂ ಕಾಲ್ನಡಿಗೆಯಲ್ಲಿ ಮುಗಿಸುವುದು ಗೌರವ.

ಚೀಲ ಹಗುರವಾಗಿರಬೇಕು. ಕೊಡೆ, ಬ್ಯಾಟರಿ, ಪಂಚೆ, ಚಿಲ್ಲರೆ ದುಡ್ಡು, ಒಂದು ನೋಟುಪುಸ್ತಕ. ಹೋಗುವ ಮನೆಗಳಿಗೆ ಬರಿಗೈಯಲ್ಲಿ ಹೋಗಬಾರದು. ಮಕ್ಕಳಿರುವ ಕಡೆ ಕಥೆಪುಸ್ತಕ, ಹಿರಿಯರಿಗೆ ಹಣ್ಣು. ಪೂಜೆಯ ಹೊತ್ತಿನಲ್ಲಿ ಕೇಳದೆ ಫೋಟೋ ತೆಗೆಯಬಾರದು. ಇಂತಿಷ್ಟು ದಿನಕ್ಕೆ ಇಂತಿಷ್ಟು ಊರು ಎಂದು ತುಂಬಿಸದೆ, ಬನವಾಸಿಯ ನಂತರ ಒಂದು ದಿನ, ಹಾವೇರಿಯ ನಂತರ ಒಂದು ದಿನ ಖಾಲಿ ಬಿಡಬೇಕು. ‘ನಾಳೆ ನಮ್ಮೂರ ಸಂತಿ ಐತಿ, ಇದ್ದು ಹೋಗ್ರಿ’ ಎಂದು ಯಾರಾದರೂ ಹೇಳಿದರೆ ಇರಲು ಬರುವಂತಿರಬೇಕು.

ಇಂಥ ಹೊಳೆ ಪ್ರತಿ ಸೀಮೆಯಲ್ಲೂ ಇದೆ. ಕುಮುದ್ವತಿ, ವೇದಾವತಿ, ಶಿಂಷಾ, ಡೋಣಿ ಎಲ್ಲವೂ ನಮ್ಮ ನಮ್ಮ ಊರುಗಳ ಪಕ್ಕದಲ್ಲೇ ಹರಿದು ಹೋಗುತ್ತಿವೆ. ಅವುಗಳ ದಂಡೆಯ ಜನ ಯಾವ ತಿಂಗಳು ಬಿತ್ತುತ್ತಾರೆ, ಯಾವ ಹುಣ್ಣಿಮೆಗೆ ಹೊಲಕ್ಕೆ ಬುತ್ತಿ ಒಯ್ಯುತ್ತಾರೆ, ಅಲ್ಲಿಗೆ ಕೊನೆಯ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿ ತಿಳಿಯುವಷ್ಟರಲ್ಲೇ ಆ ನೆಲದ ಮೇಲೆ ಅಕ್ಕರೆ ಹುಟ್ಟುತ್ತದೆ. ನಾಡನ್ನು ಪ್ರೀತಿಸಬೇಕೆಂದು ನವೆಂಬರಿನಲ್ಲಿ ಬಹಳ ಮಾತು ಕೇಳುತ್ತೇವೆ. ಅದಕ್ಕೆ ಒಂದು ತಿಂಗಳು ಮೊದಲು ಒಂದು ಸಣ್ಣ ಹೊಳೆಯ ಜೊತೆ ಹೋಗಿ ಬನ್ನಿ. ಗದ್ದೆಯಲ್ಲಿ ನಿಂತವರು ಆ ಪ್ರೀತಿಯನ್ನು ಹೇಗೆ ಮಾಡುತ್ತಾರೆಂದು ಹತ್ತಿರದಿಂದ ಕಲಿಯಬಹುದು.