ಮೂಲೆ ಅಂಗಡಿಯ ಇರಾನಿ

ಮುಂಬಯಿಯಲ್ಲಿ ಇರಾನಿ ಹೋಟೆಲೊಂದು ಮುಚ್ಚುತ್ತದೆ ಎಂದರೆ ಪತ್ರಿಕೆಗಳಲ್ಲಿ ಅರ್ಧ ಪುಟ ಕಣ್ಣೀರು. 1914ರಲ್ಲಿ ಶುರುವಾದ ಗ್ರಾಂಟ್ ರೋಡಿನ ಬಿ. ಮೆರವಾನ್ ಬಾಗಿಲು ಹಾಕುತ್ತದೆಂದು 2014ರಲ್ಲಿ ಸುದ್ದಿಯಾದಾಗ ಅಲ್ಲಿನ ಮಾವಾ ಕೇಕಿಗೆ ಜನ ಮುಗಿಬಿದ್ದರು. ಅವರಲ್ಲಿ ಎಷ್ಟು ಮಂದಿ ಹಿಂದಿನ ಹತ್ತು ವರ್ಷಗಳಲ್ಲಿ ಅಲ್ಲಿ ಚಹಾ ಕುಡಿದಿದ್ದರೋ! ಹೋಟೆಲು ಆಮೇಲೆ ಮತ್ತೆ ತೆರೆಯಿತು. ಇಂಥ ಅಳುವಿನಲ್ಲಿ ನನಗೆ ನಂಬಿಕೆ ಕಡಿಮೆ. ನಾನು ದುಡಿದದ್ದು ಇರಾನಿಗಳ ಎದುರು ಪಾಳಯದಲ್ಲಿ.

ಎಪ್ಪತ್ತರ ದಶಕ. ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಹಗಲು ಕೆಲಸ, ರಾತ್ರಿಶಾಲೆಯಲ್ಲಿ ಓದು. ಊರಿನಲ್ಲಿದ್ದಾಗ ನಮಗೆ ಗೊತ್ತಿದ್ದ ಪಾರ್ಸಿಗಳು ಇಬ್ಬರೇ: ಗೋದ್ರೆಜ್ ಕಪಾಟು ಮತ್ತು ಟಾಟಾ ಲಾರಿ. ಮುಂಬಯಿಗೆ ಬಂದ ಮೇಲೆ ಕಂಡವನು ಗಲ್ಲೆಯ ಮೇಲೆ ಕೂತ ಇರಾನಿ ಸೇಠ್. ಅವನ ಹೋಟೆಲು ಬೀದಿಯ ಮೂಲೆಯಲ್ಲೇ ಇರುತ್ತಿತ್ತು. ಮೂಲೆ ಜಾಗ ಅಶುಭವೆಂದು ಹಿಂದೂ ವ್ಯಾಪಾರಿಗಳು ಬಿಟ್ಟದ್ದನ್ನು ಇವರು ಹಿಡಿದರು ಎನ್ನುತ್ತಾರೆ. ಏನೇ ಇರಲಿ, ಎರಡು ಬೀದಿಗೂ ಬಾಗಿಲು, ಎರಡು ಕಡೆಯಿಂದ ಗಾಳಿ ಬೆಳಕು, ಎರಡು ಕಡೆಯ ಗಿರಾಕಿ. ಅಮೃತಶಿಲೆಯ ಮೇಜು, ಬಗ್ಗಿಸಿದ ಮರದ ಕುರ್ಚಿ, ಗೋಡೆಯ ತುಂಬ ಕನ್ನಡಿ. ಗಾಜಿನ ಬರಣಿಗಳಲ್ಲಿ ಖಾರಿ ಬಿಸ್ಕಿಟ್. ಒಂದು ಬದಿಯ ಕಪಾಟಿನಲ್ಲಿ ಸೋಪು, ಬ್ಲೇಡು, ಬೆಂಕಿಪೊಟ್ಟಣ.

ರಜೆಯ ದಿನ ನಾವು ಅಲ್ಲಿಗೆ ಹೋಗುತ್ತಿದ್ದದ್ದು ಬೆಣ್ಣೆ ಸವರಿದ ಬ್ರೆಡ್ಡು ಬ್ರುನ್ ಮಸ್ಕಾಕ್ಕೆ, ಜೊತೆಗೆ ನೀರು ಕಡಿಮೆ ಹಾಕಿದ ಗಟ್ಟಿ ಚಹಾಕ್ಕೆ. ಆ ಬ್ರುನ್ನಿನ ಗಡಸು ಹೊರಪದರಕ್ಕೆ ಹಲ್ಲು ಗಟ್ಟಿಯಿರಬೇಕು, ಇಲ್ಲವೇ ಚಹಾದಲ್ಲಿ ಅದ್ದಿಕೊಳ್ಳಬೇಕು. ನಮ್ಮ ಹೋಟೆಲಿನ ಭಟ್ಟರೊಬ್ಬರು ಮಾತ್ರ ಮೂಲೆಯ ಮೇಜು ಹಿಡಿದು, ಬೀದಿಗೆ ಬೆನ್ನು ಹಾಕಿ ಆಮ್ಲೆಟ್ ತಿನ್ನುತ್ತಿದ್ದರು. “ಊರಿಗೆ ಬರೆಯಬೇಡ ಮಾರಾಯ” ಎನ್ನುವುದು ಅವರ ಒಂದೇ ಷರತ್ತು. ಸೇಠ್ ಯಾರ ಜಾತಿಯನ್ನೂ ಕೇಳುತ್ತಿರಲಿಲ್ಲ. ಒಂದು ಚಹಾ ತರಿಸಿ ಗಂಟೆಗಟ್ಟಲೆ ಪುಸ್ತಕ ಬಿಚ್ಚಿ ಕೂತರೆ ಮಾತ್ರ ಗದರುತ್ತಿದ್ದ. ಗೋಡೆಯ ಮೇಲೂ ‘ಹಾಗೆ ಮಾಡಬೇಡಿ, ಹೀಗೆ ಮಾಡಬೇಡಿ’ ಎಂಬ ಪಟ್ಟಿ. ಧೋಬಿ ತಲಾವಿನ ಬಸ್ತಾನಿ ಹೋಟೆಲಿನ ಅಂಥ ಪಟ್ಟಿಯನ್ನೇ ಇಟ್ಟುಕೊಂಡು ನಿಸೀಮ್ ಎಜೆಕಿಯೆಲ್ ಒಂದು ಕವಿತೆ ಮಾಡಿದರು. ಬಸ್ತಾನಿ ಮುಚ್ಚಿ ವರ್ಷಗಳಾದವು. ಅದರ ಎದುರಿನ, 1904ರ ಕಯಾನಿ ನಡೆಯುತ್ತಿದೆ.

ನಮ್ಮ ಹುಡುಗರಿಗೆ ಪಾರ್ಸಿ, ಇರಾನಿ ಎಲ್ಲರೂ ಬಾವಾಜಿಗಳೇ. ಒಳಗೆ ಮಾತ್ರ ಎರಡು ಪದರ. ಸಾವಿರ ವರ್ಷಕ್ಕೂ ಹಿಂದೆ ಇರಾನಿನಿಂದ ಗುಜರಾತಿನ ಸಂಜಾಣದಲ್ಲಿ ಬಂದಿಳಿದ ಜರತುಷ್ಟ್ರ ಧರ್ಮೀಯರ ಸಂತತಿ ಪಾರ್ಸಿಗಳು. ಆ ಕಥೆ ಹೇಳುವ ಪಾರಸಿ ಕಾವ್ಯ ‘ಕಿಸ್ಸಾ-ಇ-ಸಂಜಾನ್’ ಬರೆದದ್ದು 1600ರ ಸುಮಾರಿಗೆ. ಹಡಗು ಕಟ್ಟಿ, ಗಿರಣಿ ನಡೆಸಿ ಮುಂಬಯಿಯಲ್ಲಿ ಇವರು ಸಿರಿವಂತರಾಗಿದ್ದಾಗ ಇರಾನಿನ ಯಜ್ದ್, ಕೆರ್ಮಾನ್‌ಗಳಲ್ಲಿ ಉಳಿದ ಅವರ ಧರ್ಮಬಂಧುಗಳು ಮುಸ್ಲಿಮೇತರರ ಮೇಲಿನ ಜಿಜಿಯಾ ತೆರಿಗೆ ತೆರುತ್ತಾ ಬಡತನದಲ್ಲಿದ್ದರು. ಮುಂಬಯಿಯವರು 1854ರಲ್ಲಿ ಮಾಣೆಕ್‌ಜಿ ಲಿಮ್ಜಿ ಹಟಾರಿಯಾ ಅವರನ್ನು ಅಲ್ಲಿಗೆ ಕಳಿಸಿದರು. ಅವರು ದಶಕಗಳ ಕಾಲ ಅಲ್ಲೇ ನಿಂತು ಶಾಲೆ ಕಟ್ಟಿಸಿ, ಶಾಹನ ಆಸ್ಥಾನಕ್ಕೆ ಎಡತಾಕಿ, 1882ರಲ್ಲಿ ಆ ತೆರಿಗೆ ತೆಗೆಸಿದರು. ಆ ಬಡತನದಿಂದ ಎದ್ದು ಬಂದವರೇ ಇರಾನಿಗಳು. ಹೋಟೆಲು ಇಟ್ಟ ಇರಾನಿಗಳಲ್ಲಿ ಮುಸ್ಲಿಮರೂ ಇದ್ದರು, ಅದು ಬೇರೆ ಮಾತು.

ಈ ಹೋಟೆಲುಗಳು ಮುಚ್ಚಿದ್ದು ಯಾಕೆಂದು ಒಳಗಿನವರಿಗೆ ಗೊತ್ತು. ಗಲ್ಲೆಯ ಮೇಲೆ ನಸುಕಿನಿಂದ ರಾತ್ರಿಯವರೆಗೆ ಕೂತ ಅಪ್ಪ ಮಗನನ್ನು ಓದಿಸಿದ. ಮಗ ಟೊರಾಂಟೊಗೆ ಹೋದ. ಪಾಲುದಾರರು ಹತ್ತಾದರು, ಮೂಲೆ ಜಾಗದ ಬೆಲೆ ಬ್ರುನ್ ಮಸ್ಕಾದ ಲೆಕ್ಕಕ್ಕೆ ಸಿಗದಷ್ಟು ಏರಿತು. ಕೆಲವು ಮೂಲೆಗಳನ್ನು ನಮ್ಮ ಶೆಟ್ಟರು, ರಾಯರು ಹಿಡಿದರು. ಈಗ ಅವರ ಮಕ್ಕಳೂ ಇಡ್ಲಿ ಬೇಯಿಸಲು ಒಲ್ಲರು. ನಾನು ದುಡಿದ ಹೋಟೆಲಿನ ಜಾಗದಲ್ಲಿ ಬ್ಯಾಂಕಿದೆ. ಇದರಲ್ಲಿ ಅಳುವಂಥದ್ದು ನನಗೆ ಕಾಣುವುದಿಲ್ಲ. ಹೋಟೆಲು ತನ್ನ ಕೆಲಸ ಮುಗಿಸಿತು.

ಬದಲಾದದ್ದು ಹೋಟೆಲಷ್ಟೇ ಅಲ್ಲ. ಆಗ, ಪಾರ್ಸಿಗಳು ಶವವನ್ನು ಹದ್ದುಗಳಿಗೆ ಒಪ್ಪಿಸುತ್ತಿದ್ದ ಮಲಬಾರ್ ಹಿಲ್ಲಿನ ಡೂಂಗರ್‌ವಾಡಿಯ ಮೇಲೆ ರಣಹದ್ದು ಸುತ್ತುವುದನ್ನು ದಾರಿಹೋಕರೂ ನೋಡುತ್ತಿದ್ದರು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ನೋವಿನ ಮದ್ದು ಸತ್ತ ದನದ ಮಾಂಸದಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ಪಶುವೈದ್ಯಕ್ಕೆ ಅದನ್ನು ನಿಷೇಧಿಸುವ ಹೊತ್ತಿಗೆ ಹದ್ದುಗಳು ಬಹುತೇಕ ಅಳಿದಿದ್ದವು. ಶವ ಇಡುವ ಗೋಪುರ ದಖ್ಮಾದಲ್ಲಿ ಹದ್ದುಗಳ ಬದಲು ಬಿಸಿಲು ಕೇಂದ್ರೀಕರಿಸುವ ಸಾಧನ ಬಂತು. ದಹನ ಬಯಸುವವರಿಗಾಗಿ 2015ರಲ್ಲಿ ವರ್ಲಿಯ ಸ್ಮಶಾನದಲ್ಲಿ ಪ್ರಾರ್ಥನಾ ಮಂದಿರ ಬಂತು. 2024ರಲ್ಲಿ ರತನ್ ಟಾಟಾ ಅವರ ಅಂತ್ಯಕ್ರಿಯೆ ನಡೆದದ್ದೂ ವರ್ಲಿಯಲ್ಲೇ. ಸಾವಿನ ವಿಷಯದಲ್ಲಿ ಅವರಲ್ಲಿ ಕೆಲವರಾದರೂ ಕಾಲಕ್ಕೆ ಬಗ್ಗಿದರು.

ಹುಟ್ಟಿನ ವಿಷಯದಲ್ಲಿ ಬಗ್ಗಲಿಲ್ಲ. ಭಾರತದಲ್ಲಿ 1941ರಲ್ಲಿ 1,14,890 ಇದ್ದ ಪಾರ್ಸಿಗಳು 2011ರ ಜನಗಣತಿಯಲ್ಲಿ 57,264. ತಡವಾದ ಮದುವೆ, ಮದುವೆಯೇ ಬೇಡವೆನ್ನುವವರು, ವಿದೇಶ, ಕಾರಣಗಳು ಹಲವು. ಹೆರಿಗೆ ಹೆಚ್ಚಿಸಲು ಕೇಂದ್ರ ಸರ್ಕಾರ 2013ರಲ್ಲಿ ‘ಜಿಯೋ ಪಾರ್ಸಿ’ ಯೋಜನೆಯನ್ನೇ ತಂದಿತು. ಆದರೆ ಸರ್ಕಾರದ ಕೈಗೆ ಸಿಗದ ಒಂದು ಕಾರಣವಿದೆ. ಹೊರಗಿನ ಹೆಣ್ಣನ್ನು ಮದುವೆಯಾದ ಪಾರ್ಸಿ ಗಂಡಸಿನ ಮಕ್ಕಳು ಪಾರ್ಸಿಗಳು; ಹೊರಗಿನವನನ್ನು ಮದುವೆಯಾದ ಪಾರ್ಸಿ ಹೆಣ್ಣಿನ ಮಕ್ಕಳು ಅಲ್ಲ. ಇದಕ್ಕೆ ಆಧಾರವಾಗಿ ಇಂದಿಗೂ ಹಿಡಿಯುವುದು ಬಾಂಬೆ ಹೈಕೋರ್ಟಿನ 1908ರ ತೀರ್ಪನ್ನು. ಆ ವ್ಯಾಜ್ಯದ ಹಿಂದಿದ್ದದ್ದು ಆರ್.ಡಿ. ಟಾಟಾ ಅವರ ಫ್ರೆಂಚ್ ಪತ್ನಿ ಸುಜಾನ್ ಅವರನ್ನು ಪಾರ್ಸಿ ಎನ್ನಬಹುದೇ ಎಂಬ ಪ್ರಶ್ನೆ. ಕೋರ್ಟು ಒಪ್ಪಲಿಲ್ಲ. ಆ ದಂಪತಿಯ ಮಗ ಜೆ.ಆರ್.ಡಿ. ಟಾಟಾ ಮಾತ್ರ ಪಾರ್ಸಿಯಾಗಿಯೇ ಉಳಿದರು. ತಾಯಿ ಪಾರ್ಸಿಯಾಗಿದ್ದು ತಂದೆ ಫ್ರೆಂಚನಾಗಿದ್ದರೆ, ಇದೇ ನಿಯಮದಂತೆ, ಅವರೂ ಲೆಕ್ಕದ ಹೊರಗೆ.