ಮೀನಿಗೆ ಕೇಳಲಾಗದ ಪ್ರಶ್ನೆ

ಜೀಬ್ರಾಮೀನನ್ನು ಹೊಸ ತೊಟ್ಟಿಗೆ ಬಿಟ್ಟರೆ ಮೊದಲು ತಳಕ್ಕಿಳಿದು ಅಲ್ಲೇ ಸುಳಿದಾಡುತ್ತದೆ. ಧೈರ್ಯ ಬಂದ ಮೇಲೆ ನಿಧಾನಕ್ಕೆ ಮೇಲೆ ಬರುತ್ತದೆ. ಆ ಹೊತ್ತನ್ನು ಅಳೆದೇ ಸಂಶೋಧಕರು ಅದರ ಆತಂಕವನ್ನು ಲೆಕ್ಕ ಹಾಕುತ್ತಾರೆ. ಆತಂಕ ತಗ್ಗಿಸುವ ಔಷಧ ಕೊಟ್ಟರೆ ಬೇಗ ಮೇಲೇರುತ್ತದೆ. ಮನುಷ್ಯರ ಸುಮಾರು 70% ಜೀನುಗಳಿಗೆ ಈ ಮೀನಿನಲ್ಲಿ ಸಾಟಿಯಿದೆ. ಮರಿಯ ಮೈ ಗಾಜಿನಂತೆ; ಜೀವಂತ ಮಿದುಳಿನಲ್ಲಿ ನರಕೋಶಗಳು ಮಿನುಗುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. (1822ರಲ್ಲಿ ಇದನ್ನು ಮೊದಲು ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರಾರೂ ಅಲ್ಲ, 1800ರಲ್ಲಿ ಮೈಸೂರು ಸೀಮೆ ಸುತ್ತಿದ ನಮ್ಮ ಬುಕಾನನ್ನೇ.)

ಬೆಳಗಾವಿಯಲ್ಲಿ ಓದುವ ನಾನು ರಜೆಗೆ ಖಾನಾಪುರಕ್ಕೆ ಹೋದಾಗ ಇದನ್ನೆಲ್ಲ ಮಾಮಾಗೆ ಹೇಳಿದೆ. ನಾಲ್ಕು ವರ್ಷದಿಂದ ಅವರು ಹಿತ್ತಲ ಕೋಣೆ ಬಿಟ್ಟು ಬರುವುದೇ ಅಪರೂಪ. ಯಾರೋ ಬೈಯುವ ದನಿ ಕೇಳುತ್ತದಂತೆ. ಗುಳಿಗೆ ತಗೊಂಡರೆ ಕಡಿಮೆ.

“ಮೀನಿಗೂ ದನಿ ಕೇಳಸ್ತಾವೇನು?”

ಗೊತ್ತಾಗೋ ದಾರಿ ಇಲ್ಲ ಮಾಮಾ, ಅಂದೆ. ಸ್ಕಿಜೋಫ್ರೇನಿಯಾಕ್ಕೆ ನಂಟಿರುವ ಜೀನನ್ನು ಮೀನಿನಲ್ಲಿ ಕೆಡಿಸಿ, ಮಿದುಳಿನಲ್ಲಿ ಏನು ಬದಲಾಯಿತೆಂದು ನೋಡುತ್ತಾರೆ. ನಿನಗೆ ಏನನ್ನಿಸಿತು ಅಂತ ಅದನ್ನು ಕೇಳಲಾಗುವುದಿಲ್ಲ.

“ಹಂಗಾರ ನನ್ನ ಕೇಳು,” ಅಂದರು. ಊಟದ ಹೊತ್ತು ಮೀರಿದರೂ ಹೇಳುತ್ತಲೇ ಇದ್ದರು.